ಅಳಿಸಿದ ವಿಜ್ಞಾನದ ಪುಟಗಳಿಗೆ ವೇಬ್ಯಾಕ್ ಮಷೀನ್: ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ

2025ರ ಜನವರಿ 31ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಜಾಲತಾಣದಿಂದ ಎಚ್‌ಐವಿ ಮಾಹಿತಿ, ಹದಿಹರೆಯದವರ ಆರೋಗ್ಯ ಸಮೀಕ್ಷೆ, ಸಾಮಾಜಿಕ ದುರ್ಬಲತೆಯ ಸೂಚ್ಯಂಕ ಹೀಗೆ ಸಾಲುಸಾಲಾಗಿ ಪುಟಗಳು ಮಾಯವಾದವು. ಅವುಗಳಲ್ಲಿ ವೈಜ್ಞಾನಿಕ ದೋಷ ಇದೆಯೆಂದು ಯಾರೂ ತೋರಿಸಿರಲಿಲ್ಲ. ಲಿಂಗತ್ವಕ್ಕೆ ಸಂಬಂಧಿಸಿದ ಅಧ್ಯಕ್ಷರ ಆದೇಶಕ್ಕೆ ಹೊಂದುವುದಿಲ್ಲ ಎಂಬುದಷ್ಟೇ ಕಾರಣ. ಫೆಬ್ರವರಿ 11ರಂದು ಫೆಡರಲ್ ನ್ಯಾಯಾಧೀಶ ಜಾನ್ ಬೇಟ್ಸ್ ಪುಟಗಳನ್ನು ಮರಳಿ ಹಾಕುವಂತೆ ಆದೇಶಿಸಿದರು. ನಡುವಿನ ದಿನಗಳಲ್ಲಿ ಆ ಮಾಹಿತಿ ಬೇಕಾದ ವೈದ್ಯರಿಗೂ ಸಂಶೋಧಕರಿಗೂ ಮೊದಲು ನೆನಪಾದ ಜಾಗ ಇಂಟರ್ನೆಟ್ ಆರ್ಕೈವ್ ನಡೆಸುವ ವೇಬ್ಯಾಕ್ ಮಷೀನ್. ಈ ವಿಮರ್ಶೆ ಆ ಸೇವೆಯದು, ಅದೂ ಒಂದೇ ಕೆಲಸದ ದೃಷ್ಟಿಯಿಂದ: ರಾಜಕೀಯ ಒತ್ತಡದಲ್ಲಿ ಅಳಿಯುವ ಅಥವಾ ತಿದ್ದಿಸಿಕೊಳ್ಳುವ ವಿಜ್ಞಾನದ ದಾಖಲೆಯನ್ನು ಉಳಿಸಿಕೊಳ್ಳಲು ಇದು ಎಷ್ಟರ ಮಟ್ಟಿಗೆ ನೆರವಾಗುತ್ತದೆ?

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಠ್ಯವಿರುವ ಪುಟಗಳಿಗೆ, ಪಿಡಿಎಫ್ ವರದಿಗಳಿಗೆ ಇದಕ್ಕೆ ಸಾಟಿಯಾದ ಇನ್ನೊಂದು ಸಾರ್ವಜನಿಕ ಸೇವೆ ಇಲ್ಲ, ಮೇಲಾಗಿ ಪೂರ್ತಿ ಉಚಿತ. ಕ್ಲಿಕ್ ಮಾಡಿದಂತೆ ಬದಲಾಗುವ ಡ್ಯಾಶ್‌ಬೋರ್ಡ್, ನಕ್ಷೆ, ಹುಡುಕುಪೆಟ್ಟಿಗೆಯ ಹಿಂದಿರುವ ದತ್ತಾಂಶ ಕೋಶ ಇವುಗಳ ಮಟ್ಟಿಗೆ ಇದನ್ನು ನಂಬಿ ಕೂತರೆ ಕೈಗೆ ಖಾಲಿ ಚೌಕಟ್ಟು ಸಿಗುತ್ತದೆ. "ಆರ್ಕೈವ್‌ನಲ್ಲಿ ಇದೆಯಲ್ಲ" ಎಂದು ನಿಶ್ಚಿಂತರಾಗುವವರು ಎಡವುವುದು ಈ ಎರಡನೆಯ ಗುಂಪಿನಲ್ಲೇ.

ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಟ್ಟಿದ ಲಾಭರಹಿತ ಸಂಸ್ಥೆ ಇಂಟರ್ನೆಟ್ ಆರ್ಕೈವ್. ವೇಬ್ಯಾಕ್ ಮಷೀನ್ ಸಾರ್ವಜನಿಕರಿಗೆ ತೆರೆದದ್ದು 2001ರಲ್ಲಿ. 2025ರ ಅಕ್ಟೋಬರ್‌ನಲ್ಲಿ ಅದರ ಸಂಗ್ರಹ ಒಂದು ಲಕ್ಷ ಕೋಟಿ ಪುಟಗಳನ್ನು ಮುಟ್ಟಿತು. ಪುಟಗಳು ಒಳಬರುವ ದಾರಿ ಮೂರು. ಜಾಲತಾಣಗಳನ್ನು ತಾವಾಗಿಯೇ ಸುತ್ತಿ ಪುಟಗಳನ್ನು ನಕಲಿಸಿಕೊಳ್ಳುವ ಸಂಸ್ಥೆಯ ಸ್ವಂತ ತಂತ್ರಾಂಶಗಳು, ಅಂದರೆ ಕ್ರಾಲರ್‌ಗಳು, ಒಂದು. ಪಾಲುದಾರರ ಸಂಗ್ರಹಗಳು ಇನ್ನೊಂದು. ಅಮೆರಿಕದಲ್ಲಿ ಪ್ರತಿ ಅಧ್ಯಕ್ಷೀಯ ಅವಧಿ ಮುಗಿಯುವಾಗ ಸರ್ಕಾರಿ ತಾಣಗಳನ್ನು ಸೆರೆಹಿಡಿಯುವ, 2008ರಿಂದ ನಡೆದುಬಂದ 'ಎಂಡ್ ಆಫ್ ಟರ್ಮ್' ಸಂಗ್ರಹ ಇವುಗಳಲ್ಲಿ ಮುಖ್ಯವಾದದ್ದು. ಮೂರನೆಯದು ಯಾರು ಬೇಕಾದರೂ ಒತ್ತಬಹುದಾದ 'ಸೇವ್ ಪೇಜ್ ನೌ' ಗುಂಡಿ.

ಹಳೆಯ ಪುಟವನ್ನು ಓದುವುದು

ಹುಡುಕುಪೆಟ್ಟಿಗೆಯಲ್ಲಿ ವಿಳಾಸ ಹಾಕಿದರೆ ಕ್ಯಾಲೆಂಡರ್ ಬರುತ್ತದೆ, ಅದರ ಮೇಲೆ ಬಣ್ಣದ ಚುಕ್ಕೆಗಳು. ಈ ಬಣ್ಣಗಳನ್ನು ಓದಲು ಕಲಿಯುವುದು ಅರ್ಧ ಕೆಲಸ. ನೀಲಿ ಎಂದರೆ ಪುಟ ಸರಿಯಾಗಿ ಸಿಕ್ಕಿದೆ. ಹಸಿರು ಎಂದರೆ ಆ ವಿಳಾಸ ಬೇರೆಡೆಗೆ ತಿರುಗಿಸಿದೆ. ಕಿತ್ತಳೆ ಎಂದರೆ 404ರಂಥ 'ಪುಟ ಇಲ್ಲ' ಉತ್ತರ. ಕೆಂಪು ಎಂದರೆ ಸರ್ವರ್ ಕಡೆಯ ದೋಷ. ನೀಲಿ ಸಾಲು ನಡೆದು ನಡೆದು ಒಂದು ದಿನ ಕಿತ್ತಳೆಯಾದರೆ ಪುಟ ತೆಗೆದ ದಿನ ಹೆಚ್ಚುಕಡಿಮೆ ಗೊತ್ತಾಯಿತು. ಹಸಿರಿಗೆ ತಿರುಗಿದ್ದರೆ ಪುಟವನ್ನು ಅಳಿಸಿ ಓದುಗರನ್ನು ಮುಖಪುಟಕ್ಕೆ ಕಳಿಸುತ್ತಿರಬಹುದು. ಅಂಥ ಚುಕ್ಕೆ ಒತ್ತಿದರೆ ನೀವೂ ಆ ಹೊಸ ಜಾಗಕ್ಕೇ ಹೋಗಿ ನಿಲ್ಲುತ್ತೀರಿ. ಹಳೆಯ ಪುಟ ಬೇಕಿದ್ದರೆ ಅದಕ್ಕಿಂತ ಹಿಂದಿನ ನೀಲಿ ಚುಕ್ಕೆ ಆರಿಸಬೇಕು.

ಪ್ರತಿಯೊಂದು ಪ್ರತಿಯ ವಿಳಾಸದಲ್ಲೂ 14 ಅಂಕಿಗಳ ಒಂದು ಸಂಖ್ಯೆ ಇರುತ್ತದೆ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಅದು ಸಾರ್ವತ್ರಿಕ ಸಮಯ, ವಾಷಿಂಗ್ಟನ್ ಸಮಯವೂ ಅಲ್ಲ, ನಿಮ್ಮೂರಿನದೂ ಅಲ್ಲ. ಆದೇಶ ಹೊರಟ ದಿನವೇ ಪುಟ ಬದಲಾಯಿತೇ ಎಂದು ವಾದಿಸುವಾಗ ವಾಷಿಂಗ್ಟನ್ ಸಮಯಕ್ಕೂ ಇದಕ್ಕೂ ಇರುವ ನಾಲ್ಕೈದು ಗಂಟೆಯ ವ್ಯತ್ಯಾಸ ದಿನಾಂಕವನ್ನೇ ಬದಲಿಸಿಬಿಡಬಹುದು. ಉಲ್ಲೇಖ ಕೊಡುವಾಗ 14 ಅಂಕಿಯ ಪೂರ್ತಿ ವಿಳಾಸವನ್ನೇ ಕೊಡಿ. ಅಂಕಿ ಬಿಟ್ಟು ಬರೆದ ವಿಳಾಸ ಓದುಗರನ್ನು ಆ ಹೊತ್ತಿನ ತೀರಾ ಈಚಿನ ಪ್ರತಿಗೆ ಒಯ್ಯುತ್ತದೆ, ಅಲ್ಲಿ ನೀವು ಹೇಳಿದ ವಾಕ್ಯ ಇಲ್ಲದಿರಬಹುದು.

ಬಣ್ಣದ ಚುಕ್ಕೆಗಳು ಹೇಳದ ಸಂಗತಿಯೂ ಒಂದಿದೆ. ಸಿಡಿಸಿಯ 'ಆಟಿಸಂ ಮತ್ತು ಲಸಿಕೆಗಳು' ಪುಟವನ್ನು ನೋಡಿ. 2025ರ ನವೆಂಬರ್ 19ರಂದು ಆ ಪುಟದ ಒಳಗಿನ ಮಾತು ತಿರುಗುಮುರುಗಾಯಿತು. 'ಲಸಿಕೆಗಳಿಂದ ಆಟಿಸಂ ಬರುವುದಿಲ್ಲ' ಎಂಬ ತಲೆಬರಹ ಹಾಗೇ ಉಳಿಯಿತು, ಅದರ ಪಕ್ಕಕ್ಕೆ ಒಂದು ನಕ್ಷತ್ರ ಚಿಹ್ನೆ ಬಂತು. ಕೆಳಗಿನ ಪಠ್ಯ ಮಾತ್ರ ಆ ಹೇಳಿಕೆ ಸಾಕ್ಷ್ಯಾಧಾರಿತವಲ್ಲ ಎಂದು ಹೇಳತೊಡಗಿತು. ಸೆನೆಟ್ ಸಮಿತಿಯ ಅಧ್ಯಕ್ಷರೊಂದಿಗಿನ ಒಪ್ಪಂದದಂತೆ ತಲೆಬರಹ ತೆಗೆದಿಲ್ಲ ಎಂದು ಅಡಿಟಿಪ್ಪಣಿಯೇ ಹೇಳುತ್ತದೆ. ವಿಳಾಸ ಅದೇ, ತಲೆಬರಹ ಅದೇ, ಸರ್ವರ್ ಉತ್ತರವೂ ಸರಿ. ಕ್ಯಾಲೆಂಡರಿನಲ್ಲಿ ನೀಲಿಯ ನಂತರವೂ ನೀಲಿಯೇ. ಸರ್ಕಾರವೊಂದು ವಿಜ್ಞಾನವನ್ನು ತಿದ್ದುವ ಅತ್ಯಂತ ಅಪಾಯಕಾರಿ ವಿಧಾನ ಇದು, ಏಕೆಂದರೆ ಅಳಿಸಿದ್ದು ಕಣ್ಣಿಗೆ ಬೀಳುತ್ತದೆ, ತಿದ್ದಿದ್ದು ಬೀಳುವುದಿಲ್ಲ.

ಇಲ್ಲಿ 'ಚೇಂಜಸ್' ಟ್ಯಾಬ್ ಬೆಲೆ ತಿಳಿಯುತ್ತದೆ. ಕ್ಯಾಲೆಂಡರಿನ ಮೇಲ್ಗಡೆ ಅದನ್ನು ಒತ್ತಿ, ನವೆಂಬರ್ 19ಕ್ಕೆ ಹಿಂದಿನದೊಂದು, ನಂತರದ್ದೊಂದು ಪ್ರತಿಯನ್ನು ಆರಿಸಿದರೆ ಎರಡೂ ಅಕ್ಕಪಕ್ಕ ತೆರೆದುಕೊಳ್ಳುತ್ತವೆ. ತೆಗೆದ ಪಠ್ಯಕ್ಕೆ ಹಳದಿ ಹಿನ್ನೆಲೆ, ಸೇರಿಸಿದ್ದಕ್ಕೆ ನೀಲಿ. ಪಟ್ಟಿಯಲ್ಲಿರುವ ದಿನಾಂಕಗಳೂ ಎಷ್ಟು ಬದಲಾವಣೆಯಾಗಿದೆ ಎಂಬುದಕ್ಕೆ ತಕ್ಕಂತೆ ಬೇರೆಬೇರೆ ಬಣ್ಣ ಹೊತ್ತಿರುತ್ತವೆ, ಹಾಗಾಗಿ ದೊಡ್ಡ ಬದಲಾವಣೆ ಯಾವ ದಿನದ್ದು ಎಂದು ಒಂದೊಂದೇ ತೆರೆಯದೆ ಊಹಿಸಬಹುದು. ದೋಷವೆಂದರೆ, ಮೆನು ಅಥವಾ ಪುಟದ ಅಡಿಯ ದಿನಾಂಕ ಬದಲಾದರೂ ಅದು ಬದಲಾವಣೆಯೆಂದೇ ಲೆಕ್ಕ. ಪಿಡಿಎಫ್‌ಗಳಿಗೆ ಈ ಹೋಲಿಕೆ ಕೆಲಸ ಮಾಡುವುದಿಲ್ಲ. ಎರಡೂ ಪ್ರತಿಗಳನ್ನು ಇಳಿಸಿಕೊಂಡು ಪಠ್ಯ ಹೊರತೆಗೆದು ನೀವೇ ಹೋಲಿಸಬೇಕು.

ದತ್ತಾಂಶದಲ್ಲೂ ಇಂಥ ಸದ್ದಿಲ್ಲದ ತಿದ್ದುಪಡಿ ನಡೆದಿದೆ. 2025ರ ಜುಲೈನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಅಮೆರಿಕ ಸರ್ಕಾರದ 232 ಆರೋಗ್ಯ ದತ್ತಾಂಶ ಪುಟಗಳನ್ನು ಹಳೆಯ ಪ್ರತಿಗಳೊಂದಿಗೆ ಹೋಲಿಸಿತು. 114ರಲ್ಲಿ ಗಣನೀಯ ಬದಲಾವಣೆ ಕಂಡಿತು. ಹೆಚ್ಚಿನವುಗಳಲ್ಲಿ 'ಜೆಂಡರ್' ಎಂದಿದ್ದ ಕಡೆ 'ಸೆಕ್ಸ್' ಎಂದು ಬದಲಿಸಲಾಗಿತ್ತು, ಬಹುಪಾಲು ಪುಟಗಳಲ್ಲಿ ತಿದ್ದಿದ್ದಕ್ಕೆ ಯಾವ ಟಿಪ್ಪಣಿಯೂ ಇರಲಿಲ್ಲ. ಸಮೀಕ್ಷೆಯಲ್ಲಿ ಜನರಿಗೆ ಕೇಳಿದ ಪ್ರಶ್ನೆ ಒಂದು, ಈಗ ಕಾಲಮ್ಮಿನ ಹೆಸರು ಹೇಳುವುದು ಇನ್ನೊಂದು. ಅದನ್ನು ನಂಬಿ ವಿಶ್ಲೇಷಣೆ ಮಾಡುವವರ ಫಲಿತಾಂಶ ಹಾಳಾಗುತ್ತದೆ.

ಇಂಥದ್ದನ್ನು ಒಂದೊಂದೇ ಪುಟವಾಗಿ ಹುಡುಕಲಾಗದು. ಅದಕ್ಕೆ ವೇಬ್ಯಾಕ್‌ನ ಸೂಚಿಯನ್ನೇ ನೇರವಾಗಿ ಕೇಳುವ ದಾರಿಯಿದೆ, ಅದರ ಹೆಸರು ಸಿಡಿಎಕ್ಸ್. ವಿಳಾಸ, ಆರಂಭದ ವರ್ಷ, ಕೊನೆಯ ವರ್ಷ ಕೊಟ್ಟರೆ ಪ್ರತಿಯೊಂದು ಪ್ರತಿಯ ಸಮಯ, ಸರ್ವರ್ ಉತ್ತರದ ಸಂಖ್ಯೆ ಮತ್ತು 'ಡೈಜೆಸ್ಟ್' ಎಂಬ ಬೆರಳಚ್ಚಿನಂಥ ಗುರುತನ್ನು ಸಾಲಾಗಿ ಕೊಡುತ್ತದೆ. ಒಳಗಿನ ಒಂದು ಅಕ್ಷರ ಬದಲಾದರೂ ಡೈಜೆಸ್ಟ್ ಬೇರೆಯಾಗುತ್ತದೆ. ಒಂದೇ ಡೈಜೆಸ್ಟಿನ ಸಾಲುಗಳನ್ನು ಮಡಚಿಬಿಡು ಎಂಬ ಆಯ್ಕೆ ಸೇರಿಸಿದರೆ ಪುಟ ಬದಲಾದ ದಿನಗಳಷ್ಟೇ ಉಳಿಯುತ್ತವೆ. ಕೋಷ್ಟಕ ಕಡತಗಳಿಗೆ ಇದು ಬಹಳ ನಿಖರ. ಪ್ರತಿಸಲ ಹೊಸ ಜಾಹೀರಾತೋ ಸಮಯವೋ ಸೇರಿಕೊಳ್ಳುವ ಪುಟಗಳಲ್ಲಿ ಮಾತ್ರ ಡೈಜೆಸ್ಟ್ ಸುಮ್ಮಸುಮ್ಮನೆ ಬದಲಾಗುತ್ತಿರುತ್ತದೆ.

ಒಂದು ಬಲೆಯ ಬಗ್ಗೆ ಎಚ್ಚರ ಬೇಕು. ವೇಬ್ಯಾಕ್ ತೋರಿಸುವ ಪುಟ ಒಂದೇ ಕ್ಷಣದ ಫೋಟೊ ಅಲ್ಲ. ಪಠ್ಯ ಜನವರಿಯದಾಗಿದ್ದು ಅದರೊಳಗಿನ ಗ್ರಾಫಿನ ಚಿತ್ರ ಏಪ್ರಿಲ್‌ನದಾಗಿರಬಹುದು, ಏಕೆಂದರೆ ಚಿತ್ರದ ಜನವರಿ ಪ್ರತಿ ಸಿಗದಿದ್ದರೆ ಹತ್ತಿರದ ದಿನಾಂಕದ್ದನ್ನು ತಂದು ಜೋಡಿಸಲಾಗುತ್ತದೆ. ಮೇಲ್ಪಟ್ಟಿಯ 'ಅಬೌಟ್ ದಿಸ್ ಕ್ಯಾಪ್ಚರ್' ಒತ್ತಿದರೆ ಯಾವ ತುಂಡು ಪುಟದ ಸಮಯಕ್ಕಿಂತ ಎಷ್ಟು ಹಿಂದಿನದು ಅಥವಾ ಮುಂದಿನದು ಎಂಬ ಪಟ್ಟಿ ಬರುತ್ತದೆ. ಯಾವ ಸಂಗ್ರಹದಿಂದ ಬಂದದ್ದು ಎಂಬುದೂ ಅಲ್ಲೇ ಇರುತ್ತದೆ. ಪ್ರತಿಯನ್ನು ಸಾಕ್ಷ್ಯವಾಗಿ ಬಳಸುವ ಮುನ್ನ ಆ ಪಟ್ಟಿ ನೋಡದೆ ಮುಂದೆ ಹೋಗಬೇಡಿ.

ಪುಟವನ್ನು ಉಳಿಸುವುದು

ಸೇವ್ ಪೇಜ್ ನೌ ಖಾತೆ ಇಲ್ಲದೆಯೂ ನಡೆಯುತ್ತದೆ, ಆದರೆ ಖಾತೆ ಮಾಡಿಕೊಂಡರೆ ಆಯ್ಕೆಗಳು ಹೆಚ್ಚು. ಪುಟದಲ್ಲಿರುವ ಲಿಂಕುಗಳನ್ನೂ ಉಳಿಸು ಎಂಬ 'ಔಟ್‌ಲಿಂಕ್ಸ್', ಸ್ಕ್ರೀನ್‌ಶಾಟ್, ಫಲಿತಾಂಶವನ್ನು ಇಮೇಲ್‌ಗೆ ಕಳಿಸು, 'ನನ್ನ ವೆಬ್ ಆರ್ಕೈವ್' ಎಂಬ ಪಟ್ಟಿಗೆ ಸೇರಿಸು ಇವೆಲ್ಲ ಸಿಗುತ್ತವೆ. ವಿಜ್ಞಾನದ ಪುಟಗಳಿಗೆ ಔಟ್‌ಲಿಂಕ್ಸ್ ಮತ್ತು ಸ್ಕ್ರೀನ್‌ಶಾಟ್ ಎರಡಕ್ಕೂ ಟಿಕ್ ಹಾಕಿ. ದೋಷದ ಪುಟಗಳನ್ನೂ ಉಳಿಸು ಎಂಬ ಆಯ್ಕೆಯ ಟಿಕ್ ತೆಗೆಯಬೇಡಿ. ಪುಟ ಕಾಣೆಯಾದ ದಿನಕ್ಕೆ ಆ 404 ಉತ್ತರವೇ ದಾಖಲೆ.

ಔಟ್‌ಲಿಂಕ್ಸ್ ಒಂದೇ ಮೆಟ್ಟಿಲು ಇಳಿಯುತ್ತದೆ. ನೀವು ಕೊಟ್ಟ ಪುಟದಲ್ಲಿ ನೇರವಾಗಿ ಕಾಣುವ ಲಿಂಕುಗಳು ಸೇರುತ್ತವೆ, ಆ ಲಿಂಕಿನೊಳಗಿನ ಲಿಂಕುಗಳು ಸೇರುವುದಿಲ್ಲ. ಸರ್ಕಾರಿ ತಾಣಗಳಲ್ಲಿ ದತ್ತಾಂಶ ಸಾಮಾನ್ಯವಾಗಿ ಮೂರನೆಯ ಮೆಟ್ಟಿಲಲ್ಲಿರುತ್ತದೆ: ವಿಷಯದ ಪುಟ, ಅದರೊಳಗೆ ವರ್ಷವಾರು ಪುಟ, ಅದರೊಳಗೆ ಕಡತ. ವಿಷಯದ ಪುಟವನ್ನು ಉಳಿಸಿ ಎಲ್ಲವೂ ಬಂತೆಂದುಕೊಂಡರೆ ಕಡತ ಒಂದೂ ಬಂದಿರುವುದಿಲ್ಲ. ವರ್ಷವಾರು ಪುಟಗಳನ್ನೆಲ್ಲ ಒಂದು ಗೂಗಲ್ ಶೀಟ್‌ನಲ್ಲಿ ಸಾಲಿಗೊಂದರಂತೆ ಬರೆದು, ಆರ್ಕೈವ್‌ನ ಶೀಟ್ ಸೇವೆಗೆ ಒಪ್ಪಿಸಿದರೆ ಅದು ಒಂದೊಂದನ್ನೇ ಉಳಿಸಿ ಪಕ್ಕದ ಕಾಲಮ್ಮಿನಲ್ಲಿ ಫಲಿತಾಂಶ ಬರೆಯುತ್ತದೆ. ವಿಫಲವಾದ ಸಾಲುಗಳನ್ನು ಮಾರನೆಯ ದಿನ ಮತ್ತೆ ಓಡಿಸಿ; ಬಹಳ ಸಲ ಆ ತಾಣ ಒತ್ತಡದಲ್ಲಿ ತಡವಾಗಿ ಉತ್ತರಿಸಿದ್ದೇ ಕಾರಣವಾಗಿರುತ್ತದೆ.

ಉಳಿಸಿದ ಮೇಲೆ ಪರೀಕ್ಷೆ ಮಾಡದೆ ಬಿಡಬಾರದು. ಖಾಸಗಿ ಕಿಟಕಿಯಲ್ಲಿ ಪ್ರತಿಯನ್ನು ತೆರೆದು ಪುಟದಲ್ಲಿರುವ ಪ್ರತಿ ಕಡತದ ಲಿಂಕನ್ನೂ ಒತ್ತಿ ನೋಡಿ. ವಿಳಾಸಪಟ್ಟಿಯಲ್ಲಿ ಆರ್ಕೈವ್‌ನ ವಿಳಾಸವೇ ಇದೆಯೇ ಎಂದು ಗಮನಿಸಿ, ಕೆಲವು ಲಿಂಕುಗಳು ಸದ್ದಿಲ್ಲದೆ ಮೂಲ ತಾಣಕ್ಕೇ ಕರೆದೊಯ್ಯುತ್ತವೆ. ಮೂಲ ತಾಣ ಇನ್ನೂ ಇರುವಾಗ ಎಲ್ಲ ಸರಿಯಿದೆ ಅನಿಸುತ್ತದೆ, ಅದು ಬಿದ್ದ ದಿನ ನಿಮ್ಮ ಪ್ರತಿಯೂ ಬೀಳುತ್ತದೆ. ಇನ್ನೊಂದು ತೊಂದರೆ, ರೋಬಾಟ್ ತಡೆಯುವ ಗೋಡೆಗಳದ್ದು. 'ನೀವು ಮನುಷ್ಯರೇ' ಎಂದು ಕೇಳುವ ಪುಟವೇ ಉಳಿದುಕೊಂಡು ಕ್ಯಾಲೆಂಡರಿನಲ್ಲಿ ನೀಲಿ ಚುಕ್ಕೆಯಾಗಿ ಕೂತಿರಬಹುದು.

ಕೈಕೊಡುವ ಜಾಗ

ಡ್ಯಾಶ್‌ಬೋರ್ಡ್‌ಗಳಲ್ಲಿ ಅಂಕಿಗಳು ಪುಟದೊಳಗೆ ಇರುವುದಿಲ್ಲ. ನೀವು ರಾಜ್ಯ, ವರ್ಷ, ವಯೋಮಾನ ಆರಿಸಿದಾಗ ಪುಟ ಹಿಂಬದಿಯ ಸರ್ವರ್‌ಗೆ ಪ್ರಶ್ನೆ ಕಳಿಸಿ ಉತ್ತರ ತರುತ್ತದೆ. ಕ್ರಾಲರ್ ಆ ಆಯ್ಕೆಗಳನ್ನು ಮಾಡುವುದಿಲ್ಲ, ಹಾಗಾಗಿ ಉತ್ತರಗಳು ಉಳಿಯುವುದಿಲ್ಲ. 2025ರ ಫೆಬ್ರವರಿಯಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಜೆಸ್ಕ್ರೀನ್ ಎಂಬ ಮಾಲಿನ್ಯ ನಕ್ಷೆಯನ್ನು ತೆಗೆದುಹಾಕಿದಾಗ ಅದು ಮತ್ತೆ ಬಳಕೆಗೆ ಬಂದದ್ದು ವೇಬ್ಯಾಕ್‌ನಿಂದಲ್ಲ. ಪಬ್ಲಿಕ್ ಎನ್ವಿರಾನ್‌ಮೆಂಟಲ್ ಡೇಟಾ ಪಾರ್ಟ್‌ನರ್ಸ್ ಎಂಬ ಒಕ್ಕೂಟ ಹಿಂಬದಿಯ ದತ್ತಾಂಶವನ್ನು ಇಟ್ಟುಕೊಂಡು ಉಪಕರಣವನ್ನು ಮರಳಿ ಕಟ್ಟಿತು.

ಡ್ಯಾಶ್‌ಬೋರ್ಡ್ ಇನ್ನೂ ಜೀವಂತವಿದ್ದರೆ ಹೀಗೆ ಮಾಡಿ. ಬ್ರೌಸರಿನಲ್ಲಿ ಎಫ್12 ಒತ್ತಿ 'ನೆಟ್‌ವರ್ಕ್' ಟ್ಯಾಬ್ ತೆರೆಯಿರಿ, ನಂತರ ಪುಟದಲ್ಲಿ ವರ್ಷವನ್ನು ಬದಲಿಸಿ. ಆಗ ಹೊರಡುವ ವಿನಂತಿಯನ್ನು ಪಟ್ಟಿಯಲ್ಲಿ ಹುಡುಕಿ. ಅದು 'ಗೆಟ್' ಮಾದರಿಯದಾಗಿದ್ದರೆ ವಿಳಾಸವನ್ನು ನಕಲಿಸಿ ನೇರವಾಗಿ ಸೇವ್ ಪೇಜ್ ನೌಗೆ ಕೊಡಬಹುದು, ಉತ್ತರ ಹಾಗೇ ಉಳಿಯುತ್ತದೆ. 'ಪೋಸ್ಟ್' ಮಾದರಿಯದಾಗಿದ್ದರೆ ಪ್ರಶ್ನೆ ವಿಳಾಸದಲ್ಲಿ ಇರುವುದೇ ಇಲ್ಲ, ಈ ದಾರಿ ಅಲ್ಲಿಗೆ ಮುಚ್ಚಿತು.

ನಕ್ಷೆಗಳ ಹಿಂದೆ ಹೆಚ್ಚಾಗಿ ಆರ್ಕ್‌ಜಿಐಎಸ್ ಸರ್ವರ್ ಇರುತ್ತದೆ. ಅದಕ್ಕೆ ಒಂದು ಪ್ರಶ್ನೆ ಕೇಳಿದರೆ ಸಾಮಾನ್ಯವಾಗಿ 1000 ಅಥವಾ 2000 ಸಾಲುಗಳಷ್ಟೇ ಬರುತ್ತವೆ, ಉಳಿದದ್ದು ಕತ್ತರಿಸಿಹೋಗುತ್ತದೆ. ದೋಷದ ಸಂದೇಶವೇನೂ ಬರುವುದಿಲ್ಲ. ಉತ್ತರದ ಕೊನೆಯಲ್ಲಿ ಮಿತಿ ಮೀರಿದೆ ಎಂಬ ಒಂದು ಪುಟ್ಟ ಗುರುತಿರುತ್ತದೆ, ಅದನ್ನು ನೋಡದವರು ಅರ್ಧ ದೇಶದ ದತ್ತಾಂಶವನ್ನೇ ಪೂರ್ತಿಯೆಂದು ಇಟ್ಟುಕೊಳ್ಳುತ್ತಾರೆ. ಮೊದಲು ಸಾಲುಗಳ ಒಟ್ಟು ಸಂಖ್ಯೆಯನ್ನಷ್ಟೇ ಕೇಳಿ ಬರೆದಿಟ್ಟುಕೊಳ್ಳಿ. ನಂತರ ಆರಂಭದ ಸ್ಥಾನವನ್ನು, ಮಿತಿ 2000 ಆಗಿದ್ದರೆ, 0, 2000, 4000 ಹೀಗೆ ಏರಿಸುತ್ತ, ಪ್ರತಿಸಲವೂ ಒಂದೇ ಕ್ರಮದಲ್ಲಿ ಜೋಡಿಸಿಕೊಡು ಎಂದು ಕೇಳುತ್ತ ತುಂಡುತುಂಡಾಗಿ ಇಳಿಸಿ, ಕೊನೆಗೆ ಎಣಿಕೆ ತಾಳೆ ನೋಡಿ. ಕ್ರಮ ಗೊತ್ತುಮಾಡದಿದ್ದರೆ ಕೆಲವು ಸಾಲು ಎರಡು ಸಲ ಬಂದು ಕೆಲವು ಬಾರದೇ ಹೋಗುತ್ತವೆ.

ಈ ಕೊರತೆ ತುಂಬಲು ವೇಬ್ಯಾಕ್ ಜೊತೆಗೆ ಇಟ್ಟುಕೊಳ್ಳಬೇಕಾದ ಉಪಕರಣ ವೆಬ್‌ರೆಕಾರ್ಡರ್ ತಂಡದ ಆರ್ಕೈವ್‌ವೆಬ್ ಡಾಟ್ ಪೇಜ್ ಎಂಬ ಬ್ರೌಸರ್ ವಿಸ್ತರಣೆ. ಅದನ್ನು ಚಾಲೂ ಮಾಡಿ ನೀವು ಏನೇನು ಒತ್ತುತ್ತೀರೋ ಅದೆಲ್ಲ ದಾಖಲಾಗುತ್ತದೆ, ಪೋಸ್ಟ್ ವಿನಂತಿಗಳ ಉತ್ತರವೂ ಸೇರಿ. ಕೊನೆಗೆ ಡಬ್ಲ್ಯುಎಸಿಝಡ್ ಎಂಬ ಒಂದೇ ಕಡತವಾಗಿ ಇಳಿಸಿಕೊಂಡು ರೀಪ್ಲೇವೆಬ್ ಡಾಟ್ ಪೇಜ್‌ನಲ್ಲಿ ಇಂಟರ್‌ನೆಟ್ ಇಲ್ಲದೆಯೂ ನೋಡಬಹುದು. ನೀವು ಒತ್ತದ ಆಯ್ಕೆ ಮಾತ್ರ ಅದರಲ್ಲಿರುವುದಿಲ್ಲ, ಆದ್ದರಿಂದ ಯಾವ ವರ್ಷ, ಯಾವ ರಾಜ್ಯ ಎಂದು ಮೊದಲೇ ಪಟ್ಟಿ ಮಾಡಿಕೊಂಡು ಕೂರಬೇಕು.

ಕೋಷ್ಟಕ ಕಡತಗಳನ್ನು ವೇಬ್ಯಾಕ್‌ಗೆ ಹಾಕುವುದರ ಜೊತೆಗೆ ನಿಮ್ಮಲ್ಲೂ ಇಳಿಸಿಟ್ಟು ಶಾ-256 ಹ್ಯಾಶ್, ಅಂದರೆ ಡೈಜೆಸ್ಟಿನಂಥದೇ ಬೆರಳಚ್ಚು, ತೆಗೆದಿಡಿ. ವೇಬ್ಯಾಕ್ ಪ್ರತಿಯೊಂದಿಗೆ ಹೋಲಿಸುವಾಗ ಒಂದು ಗುಟ್ಟು: ತೋರಿಸುವ ಸಲುವಾಗಿ ಅದು ಪುಟದೊಳಗಿನ ಲಿಂಕುಗಳನ್ನು ಬದಲಿಸಿ ಮೇಲ್ಪಟ್ಟಿ ಸೇರಿಸಿರುತ್ತದೆ, ಹಾಗಾಗಿ ಹ್ಯಾಶ್ ಹೊಂದುವುದಿಲ್ಲ. 14 ಅಂಕಿಯ ಬೆನ್ನಿಗೇ 'ಐ', 'ಡಿ' ಎಂಬ ಎರಡು ಸಣ್ಣ ಇಂಗ್ಲಿಷ್ ಅಕ್ಷರ, ಒಂದು ಅಡಿಗೆರೆ ಸೇರಿಸಿದರೆ ಮೂಲ ಬಂದ ಹಾಗೆಯೇ ಸಿಗುತ್ತದೆ.

ಕಡತದ ಜೊತೆ ಅದರ ಕೋಡ್‌ಬುಕ್ ಇಲ್ಲದಿದ್ದರೆ ಉಳಿಸಿದ್ದು ವ್ಯರ್ಥ. ಒಂದು ಕಾಲಮ್ಮಿನಲ್ಲಿ 9 ಎಂದಿದ್ದರೆ ಅದು ಒಂಬತ್ತು ಸಿಗರೇಟೋ, 'ಉತ್ತರ ಕೊಡಲಿಲ್ಲ' ಎಂಬುದರ ಸಂಕೇತವೋ ಹೇಳುವುದು ಕೋಡ್‌ಬುಕ್. ಅದರೊಂದಿಗೆ ಪ್ರಶ್ನಾವಳಿ, ಮಾದರಿ ಆಯ್ಕೆಯ ಟಿಪ್ಪಣಿ, ತೂಕಗಳ ವಿವರ ಇಷ್ಟನ್ನೂ ಸೇರಿಸಿ. ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಮತ್ತೆ ಸೇವ್ ಮಾಡಬೇಡಿ. ಅಮೆರಿಕದ ಕೌಂಟಿ ಸಂಕೇತಗಳಲ್ಲಿ ಅಲಬಾಮಾದ 01001 ಇದ್ದದ್ದು 1001 ಆಗಿಬಿಡುತ್ತದೆ, ಆಮೇಲೆ ಬೇರೆ ಕೋಷ್ಟಕದೊಂದಿಗೆ ಅದು ಜೋಡಣೆಯಾಗುವುದಿಲ್ಲ.

ದೊಡ್ಡ ಕಡತಗಳಿಗೆ ತಕ್ಕ ಜಾಗ ಬೇರೆ. ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸಿಇಆರ್‌ಎನ್ ನಡೆಸುವ ಝೆನೋಡೋದಲ್ಲಿ ಒಂದು ದಾಖಲೆಗೆ 50 ಜಿಬಿವರೆಗೆ, 100 ಕಡತಗಳವರೆಗೆ ಉಚಿತವಾಗಿ ಇಡಬಹುದು, ಉಲ್ಲೇಖಕ್ಕೆ ಬಳಸುವ ಡಿಓಐ ಎಂಬ ಕಾಯಂ ಗುರುತಿನ ಸಂಖ್ಯೆಯೂ ಸಿಗುತ್ತದೆ. ಅಪಾಯದಲ್ಲಿರುವ ಅಮೆರಿಕ ಸರ್ಕಾರಿ ದತ್ತಾಂಶಕ್ಕೆಂದೇ ಮಿಶಿಗನ್ ವಿಶ್ವವಿದ್ಯಾಲಯದ ಐಸಿಪಿಎಸ್‌ಆರ್ ನಡೆಸುವ ಡೇಟಾಲ್ಯೂಮೋಸ್ ಇದೆ. ನೀವು ಉಳಿಸಹೊರಟದ್ದು ಆಗಲೇ ಉಳಿದಿರಲೂಬಹುದು. ಹಾರ್ವರ್ಡ್ ಕಾನೂನು ಗ್ರಂಥಾಲಯದ ತಂಡ 2025ರ ಫೆಬ್ರವರಿಯಲ್ಲಿ ಡೇಟಾ ಡಾಟ್ ಗವ್‌ನ 3,11,000ಕ್ಕೂ ಹೆಚ್ಚು ದತ್ತಾಂಶಗಳ ಪ್ರತಿಯನ್ನು ಬಿಡುಗಡೆ ಮಾಡಿತು. ಅದರ ಗಾತ್ರ 16 ಟೆರಾಬೈಟ್, ಮೂಲದ ಖಾತ್ರಿಗೆ ಡಿಜಿಟಲ್ ಸಹಿಯೂ ಇದೆ. ಡೇಟಾ ಡಾಟ್ ಗವ್ ಪಟ್ಟಿಯಿಂದ ನೇರವಾಗಿ ಇಳಿಸಬಹುದಾದ ಕಡತಗಳು ಅದರಲ್ಲಿವೆ. ಪಟ್ಟಿ ಬರೀ ಇನ್ನೊಂದು ಪುಟಕ್ಕೆ ತೋರಿಸುತ್ತಿದ್ದರೆ ಆ ಪುಟವಷ್ಟೇ ಇರುತ್ತದೆ.

ಆರ್ಕೈವ್ ಮೇಲೆ ಎಷ್ಟು ಭಾರ ಹಾಕಬಹುದು

2024ರ ಅಕ್ಟೋಬರ್‌ನಲ್ಲಿ ಇಂಟರ್ನೆಟ್ ಆರ್ಕೈವ್ ಮೇಲೆ ಸೈಬರ್ ದಾಳಿ ನಡೆಯಿತು, 3.1 ಕೋಟಿ ಬಳಕೆದಾರರ ಖಾತೆ ವಿವರ ಸೋರಿದ್ದೂ ಬಯಲಾಯಿತು. ಸೇವೆ ಕೆಲ ದಿನ ನಿಂತು, ಮೊದಲು ಓದಲು ಮಾತ್ರ ಸಿಗುವಂತೆ ಮರಳಿತು. ಪುಟ ಉಳಿಸುವ ಸೌಲಭ್ಯ ಬರಲು ಇನ್ನೂ ತಡವಾಯಿತು. ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಆಗ ಒಂದು ತಿಂಗಳೂ ಉಳಿದಿರಲಿಲ್ಲ. ಇ-ಪುಸ್ತಕ ಎರವಲಿನ ಮೊಕದ್ದಮೆಯಲ್ಲಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆರ್ಕೈವ್ ವಿರುದ್ಧ ತೀರ್ಪು ಕೊಟ್ಟಿತ್ತು. 2025ರ ಜುಲೈನಲ್ಲಿ ಆರ್ಕೈವ್‌ಗೆ ಫೆಡರಲ್ ಡಿಪಾಸಿಟರಿ ಗ್ರಂಥಾಲಯದ, ಅಂದರೆ ಸರ್ಕಾರಿ ಪ್ರಕಟಣೆಗಳನ್ನು ಸಾರ್ವಜನಿಕರಿಗಾಗಿ ಇಡುವ ಗ್ರಂಥಾಲಯದ, ಮಾನ್ಯತೆ ಸಿಕ್ಕಿತು, ಅದು ಒಳ್ಳೆಯ ಸುದ್ದಿ. ಆದರೂ ಇದು ಒಂದೇ ಸಂಸ್ಥೆ, ಯಾವ ಸರ್ಕಾರದ ಪುಟಗಳನ್ನು ಕಾಯುತ್ತಿದೆಯೋ ಅದೇ ಸರ್ಕಾರದ ಕಾನೂನಿನ ಕೆಳಗೆ ಇದೆ. ತಾಣದ ಒಡೆಯರು ಕೋರಿದರೆ ಪ್ರತಿಗಳು ಸಾರ್ವಜನಿಕರಿಗೆ ಕಾಣದಂತಾಗಲೂಬಹುದು. ಅಮೂಲ್ಯವಾದದ್ದಕ್ಕೆ ಬೇರೆ ದೇಶದಲ್ಲಿ ಎರಡನೆಯ ಪ್ರತಿ ಇರಲೇಬೇಕು.

ಇನ್ನು, ಅಳೆಯದೇ ಬಿಟ್ಟದ್ದನ್ನು ಯಾವ ಆರ್ಕೈವೂ ಉಳಿಸದು. ಕೆನಡಾ ಸರ್ಕಾರ 2010ರಲ್ಲಿ ಕಡ್ಡಾಯ ದೀರ್ಘ ಜನಗಣತಿ ನಮೂನೆಯನ್ನು ಕೈಬಿಟ್ಟು 2011ರಲ್ಲಿ ಐಚ್ಛಿಕ ಸಮೀಕ್ಷೆ ನಡೆಸಿತು. ಉತ್ತರಿಸಿದವರ ಪ್ರಮಾಣ 68.6%ಕ್ಕೆ ಇಳಿಯಿತು, ಎಷ್ಟೋ ಸಣ್ಣ ಊರುಗಳ ಅಂಕಿಗಳನ್ನು ಪ್ರಕಟಿಸಲೇ ಆಗಲಿಲ್ಲ. 2016ರಲ್ಲಿ ಕಡ್ಡಾಯ ನಮೂನೆ ಮರಳಿತಾದರೂ ಆ ನಡುವಿನ ಕಂದಕ ಹಾಗೇ ಉಳಿದಿದೆ. ನೂರು ಕೋಟಿ ಡಾಲರ್ ನಷ್ಟ ಮೀರಿದ, 1980ರಿಂದೀಚಿನ ಹವಾಮಾನ ವಿಕೋಪಗಳ ಲೆಕ್ಕ ಇಡುತ್ತಿದ್ದ ಅಮೆರಿಕದ ಹವಾಮಾನ ಸಂಸ್ಥೆ ಎನ್‌ಓಎಎ, 2025ರ ಮೇನಲ್ಲಿ ಅದನ್ನು ಮುಂದುವರಿಸುವುದಿಲ್ಲ ಎಂದಿತು. ಹಳೆಯ ಪಟ್ಟಿ ಉಳಿದಿದ್ದರೂ ಹೊಸ ಸಾಲು ಸೇರಿಸಲು ಜನ ಬೇಕು. ಕ್ಲೈಮೇಟ್ ಸೆಂಟ್ರಲ್ ಎಂಬ ಸಂಸ್ಥೆ ಆ ಲೆಕ್ಕ ನಡೆಸುತ್ತಿದ್ದ ವಿಜ್ಞಾನಿಯನ್ನೇ ಕರೆದುಕೊಂಡು ಅದೇ ವರ್ಷ ಪಟ್ಟಿಯನ್ನು ಮುಂದುವರಿಸಿತು.

ವಿಶ್ವವಿದ್ಯಾಲಯದ ಪುಟಗಳು

ಸರ್ಕಾರಿ ದತ್ತಾಂಶದ ಮೇಲಿರುವ ಕಾಳಜಿ ವಿಶ್ವವಿದ್ಯಾಲಯಗಳ ಸ್ವಂತ ಪುಟಗಳ ಮೇಲೆ ಕಾಣುವುದಿಲ್ಲ, ಇದು ದೊಡ್ಡ ಲೋಪ. 2025ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕೊಡುತ್ತಿದ್ದ 40 ಕೋಟಿ ಡಾಲರ್ ಅನುದಾನ ರದ್ದಾಯಿತು, ಏಪ್ರಿಲ್‌ನಲ್ಲಿ ಹಾರ್ವರ್ಡ್‌ನ 220 ಕೋಟಿ ಡಾಲರ್ ತಡೆಹಿಡಿಯಲಾಯಿತು. ಹಾರ್ವರ್ಡ್ ನ್ಯಾಯಾಲಯಕ್ಕೆ ಹೋಗಿ ಸೆಪ್ಟೆಂಬರ್‌ನಲ್ಲಿ ಗೆದ್ದಿತು, ಕೊಲಂಬಿಯಾ ಜುಲೈನಲ್ಲಿ ಒಪ್ಪಂದಕ್ಕೆ ಬಂತು. ಇಂಥ ಹೊತ್ತಿನಲ್ಲಿ ಬದಲಾಗುವುದು ಪ್ರತಿಭಟನೆಯ ನಿಯಮ, ಶಿಸ್ತು ಸಮಿತಿಯ ರಚನೆ, ಸಂಶೋಧನಾ ಕೇಂದ್ರದ ಉದ್ದೇಶ, ಅಧ್ಯಾಪಕರ ಕೈಪಿಡಿ. ಅನೇಕ ಕಡೆ ಹಳೆಯ ಪಿಡಿಎಫ್‌ನ ಮೇಲೆಯೇ ಅದೇ ಹೆಸರಿನಲ್ಲಿ ಹೊಸದನ್ನು ಹಾಕುತ್ತಾರೆ, ಹಿಂದಿನ ನಿಯಮ ಏನಿತ್ತು ಎಂದು ತೋರಿಸಲು ಏನೂ ಉಳಿಯುವುದಿಲ್ಲ. ಈ ಪುಟಗಳನ್ನು ಪ್ರತಿ ಸೆಮಿಸ್ಟರ್ ಆರಂಭದಲ್ಲೂ ಕೊನೆಯಲ್ಲೂ ಉಳಿಸಿ. ಕೋರ್ಸ್ ಪಟ್ಟಿ ಮತ್ತು ಪಠ್ಯಕ್ರಮ ಇನ್ನೂ ಮುಖ್ಯ. ಹಂಗೆರಿ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿ ಲಿಂಗತ್ವ ಅಧ್ಯಯನದ ಸ್ನಾತಕೋತ್ತರ ಪದವಿಯನ್ನು ಮಾನ್ಯ ಪದವಿಗಳ ಪಟ್ಟಿಯಿಂದಲೇ ತೆಗೆಯಿತು. ಹಾಗೆ ಪದವಿಯೇ ರದ್ದಾದಾಗ ಓದಿ ಮುಗಿಸಿದವರಿಗೆ ಬೇರೆ ದೇಶದಲ್ಲಿ ಓದಿದ್ದೇನೆಂದು ತೋರಿಸಲು ಪಠ್ಯಕ್ರಮದ ಪುಟವೇ ಆಧಾರ.

ಉಳಿಸಬಾರದ ಪುಟಗಳೂ ಇವೆ. ಟರ್ಕಿಯಲ್ಲಿ 2016ರ ಜನವರಿ 11ರಂದು 1,128 ಶಿಕ್ಷಣ ತಜ್ಞರು ಶಾಂತಿಗಾಗಿ ಮನವಿಯೊಂದಕ್ಕೆ ಸಹಿ ಹಾಕಿದರು. ಆ ಸಹಿಯೇ ವಜಾಕ್ಕೂ ಮೊಕದ್ದಮೆಗೂ ಆಧಾರವಾಯಿತು. ಶಿಕ್ಷೆಗಳು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಹೇಳುವ ಹೊತ್ತಿಗೆ 2019ರ ಜುಲೈ ಆಗಿತ್ತು. ಸಹಿದಾರರ ಪಟ್ಟಿ, ವೀಸಾದ ಮೇಲಿರುವ ವಿದ್ಯಾರ್ಥಿಗಳ ಹೆಸರಿರುವ ಪುಟ, ಸಮೀಕ್ಷೆಗೆ ಉತ್ತರಿಸಿದವರ ಗುರುತು ಸಿಗುವ ಕಡತ ಇವುಗಳನ್ನು ಸೇವ್ ಪೇಜ್ ನೌಗೆ ಕೊಡಬೇಡಿ. 'ನನ್ನ ವೆಬ್ ಆರ್ಕೈವ್' ಎಂಬ ಆಯ್ಕೆಯ ಹೆಸರು ನೋಡಿ ಮೋಸಹೋಗಬೇಡಿ. ಪಟ್ಟಿ ನಿಮ್ಮದಾದರೂ ಪ್ರತಿ ಎಲ್ಲರಿಗೂ ಕಾಣುತ್ತದೆ. ಅಂಥವನ್ನು ಆರ್ಕೈವ್‌ವೆಬ್ ಡಾಟ್ ಪೇಜ್‌ನಿಂದ ದಾಖಲಿಸಿ, ಎನ್‌ಕ್ರಿಪ್ಟ್ ಮಾಡಿದ ಡ್ರೈವ್‌ನಲ್ಲಿಡಿ. ದಾಖಲಿಸುವಾಗ ಖಾತೆಗೆ ಲಾಗಿನ್ ಆಗಿದ್ದರೆ ನಿಮ್ಮ ಸೆಷನ್ ಕುಕಿಗಳೂ ಕಡತದೊಳಗೆ ಸೇರಿರಬಹುದು, ಆದ್ದರಿಂದ ಇನ್ನೊಬ್ಬರಿಗೆ ಕಳಿಸುವ ಮುನ್ನ ಆ ಖಾತೆಯಿಂದ ಹೊರಬಂದು ಪಾಸ್‌ವರ್ಡ್ ಬದಲಿಸಿ.